ಗೆಟ್‌ಆಪ್ಟ್ ಎಲ್ಲಿ ಕರೆಯಬೇಕು, ಎಲ್ಲಿ ಕರೆಯಬಾರದು

ಈ ಸಲ ಬಂದ ಹಲವು ಪ್ರಶ್ನೆಗಳು ಒಂದೇ ವಿಷಯದ ಸುತ್ತ ಇದ್ದವು. ಕಮಾಂಡ್ ಲೈನ್ ಆಪ್ಷನ್‌ಗಳನ್ನು ಬಿಡಿಸಿ ಕೊಡುವ ಗೆಟ್‌ಆಪ್ಟ್, ಗೆಟ್‌ಆಪ್ಟ್ ಲಾಂಗ್, ಆರ್ಗ್‌ಪಿ ಪಾರ್ಸ್ ತರಹದ ಫಂಕ್ಷನ್‌ಗಳನ್ನು ಥ್ರೆಡ್ (ಒಂದೇ ಪ್ರೋಗ್ರಾಂನಲ್ಲಿ ಒಟ್ಟಿಗೆ ಓಡುವ ಕೆಲಸಗಳಲ್ಲಿ ಒಂದು) ಒಳಗೆ ಅಥವಾ ಸಿಗ್ನಲ್ ಹ್ಯಾಂಡ್ಲರ್ (ಸಿಗ್ನಲ್ ಅನ್ನುವ ಸೂಚನೆ ಬಂದಾಗ ತಾನಾಗಿ ಓಡುವ ಫಂಕ್ಷನ್) ಒಳಗೆ ಕರೆಯಬಹುದಾ ಅನ್ನುವುದು ಆ ವಿಷಯ. ಹಾಗಾಗಿ ಈ ಸಂಚಿಕೆಯನ್ನು ಪೂರ್ತಿ ಅದಕ್ಕೇ ಕೊಟ್ಟಿದ್ದೇವೆ.

ಪ್ರಶ್ನೆ: ಸಿ ಭಾಷೆಯಲ್ಲಿ ಒಂದು ಸಣ್ಣ ಸರ್ವರ್ ಬರೆದಿದ್ದೇನೆ. ಕ್ಲೈಂಟ್ ಕಳಿಸುವ ಪ್ರತಿ ಸಾಲೂ ಕಮಾಂಡ್ ಲೈನ್ ತರಹವೇ ಇರುತ್ತದೆ. ಒಬ್ಬೊಬ್ಬ ಕ್ಲೈಂಟ್‌ಗೂ ಒಂದು ಥ್ರೆಡ್. ಸಾಲನ್ನು ತುಂಡು ಮಾಡಿ ಗೆಟ್‌ಆಪ್ಟ್‌ಗೆ ಕೊಡುತ್ತೇನೆ. ಒಬ್ಬರೇ ಇದ್ದಾಗ ಎಲ್ಲ ಸರಿ. ಇಬ್ಬರು ಒಟ್ಟಿಗೆ ಬಂದರೆ ಒಬ್ಬರ ಆಪ್ಷನ್ ಇನ್ನೊಬ್ಬರಿಗೆ ಹೋಗುತ್ತದೆ, ಕೆಲವು ಸಲ ಸೆಗ್ಮೆಂಟೇಶನ್ ಫಾಲ್ಟ್ (ತನ್ನದಲ್ಲದ ಮೆಮೊರಿ ಮುಟ್ಟಿ ಪ್ರೋಗ್ರಾಂ ನಿಲ್ಲುವುದು) ಕೂಡ ಆಗುತ್ತದೆ. ತಪ್ಪು ಎಲ್ಲಿದೆ? (ಮೈಸೂರಿನಿಂದ ಒಬ್ಬ ಓದುಗರು)

ಉತ್ತರ: ಗೆಟ್‌ಆಪ್ಟ್ ಹೇಗೆ ಕೆಲಸ ಮಾಡುತ್ತದೆ ಅಂತ ಮೊದಲು ನೋಡೋಣ. ಒಮ್ಮೆ ಕರೆದರೆ ಅದು ಒಂದು ಆಪ್ಷನ್ ಕೊಡುತ್ತದೆ. ಮತ್ತೆ ಕರೆದರೆ ಮುಂದಿನದು. ಎಲ್ಲ ಮುಗಿದಾಗ ಮೈನಸ್ ಒಂದು. ಅಂದರೆ ಎಲ್ಲಿಯವರೆಗೆ ಓದಿ ಆಯಿತು ಅನ್ನುವುದನ್ನು ಅದು ಎಲ್ಲೋ ನೆನಪಿಟ್ಟುಕೊಳ್ಳಲೇಬೇಕು, ಅಲ್ವಾ? ನೀವು ಕೊಡುವ ಮೂರು ಆರ್ಗ್ಯುಮೆಂಟ್‌ಗಳಲ್ಲಿ ಆ ನೆನಪಿಗೆ ಜಾಗ ಇಲ್ಲ. ಹಾಗಾಗಿ ಅದು ಗ್ಲೋಬಲ್ ವೇರಿಯಬಲ್‌ಗಳಲ್ಲಿ ಕೂತಿದೆ. ಆಪ್ಟ್‌ಇಂಡ್ (ಮುಂದೆ ಓದಬೇಕಾದ ಪದದ ಸಂಖ್ಯೆ), ಆಪ್ಟ್‌ಆರ್ಗ್ (ಆಪ್ಷನ್ ಜೊತೆ ಕೊಟ್ಟ ಬೆಲೆ), ಆಪ್ಟ್‌ಆಪ್ಟ್, ಆಪ್ಟ್‌ಎರ್ ಈ ನಾಲ್ಕು ನಿಮಗೆ ಕಾಣುವಂಥವು. ಇಡೀ ಪ್ರೋಸೆಸ್‌ಗೆ ಒಂದೇ ಸೆಟ್. ಒಂದೇ ಪುಸ್ತಕದ ಗುರುತಿನ ಚೀಟಿಯನ್ನು ಇಬ್ಬರು ತಮ್ಮ ತಮ್ಮ ಪುಟಕ್ಕೆ ಸರಿಸುತ್ತಾ ಓದಿದ ಹಾಗೆ ನಿಮ್ಮ ಥ್ರೆಡ್‌ಗಳು ಓದುತ್ತಿವೆ.

ಸೆಗ್ಮೆಂಟೇಶನ್ ಫಾಲ್ಟ್‌ಗೆ ಕಾರಣ ಇನ್ನೂ ಒಳಗಿದೆ. ನಿಮಗೆ ಕಾಣದ ಇನ್ನೊಂದು ಪಾಯಿಂಟರ್ ಇದೆ. ಟಾರ್ ಕಮಾಂಡಿಗೆ ನಾವು ಎಕ್ಸ್, ವಿ, ಎಫ್ ಮೂರನ್ನೂ ಒಂದೇ ಹೈಫನ್ ಹಿಂದೆ ಸೇರಿಸಿ ಬರೆಯುತ್ತೇವಲ್ಲ, ಅಂಥ ಗುಂಪಿನಲ್ಲಿ ಯಾವ ಅಕ್ಷರದ ತನಕ ಬಂದಿದ್ದೇವೆ ಅನ್ನುವುದನ್ನು ಆ ಪಾಯಿಂಟರ್ ಹಿಡಿದಿಟ್ಟಿರುತ್ತದೆ. ಮೊದಲ ಥ್ರೆಡ್ ಗುಂಪಿನ ನಡುವೆ ಇದ್ದಾಗ ಎರಡನೇ ಥ್ರೆಡ್ ಗೆಟ್‌ಆಪ್ಟ್ ಕರೆಯಿತು ಅಂತ ಇಟ್ಟುಕೊಳ್ಳಿ. ಪಾಯಿಂಟರ್ ಖಾಲಿ ಇಲ್ಲ, ಹಾಗಾಗಿ ಗೆಟ್‌ಆಪ್ಟ್ ಎರಡನೇ ಥ್ರೆಡ್ ಕೊಟ್ಟ ಸಾಲನ್ನು ನೋಡುವುದೇ ಇಲ್ಲ, ಮೊದಲ ಥ್ರೆಡ್‌ನ ಪದದಲ್ಲೇ ಮುಂದಿನ ಅಕ್ಷರ ತೆಗೆದು ಕೊಡುತ್ತದೆ. ಒಬ್ಬರ ಆಪ್ಷನ್ ಇನ್ನೊಬ್ಬರಿಗೆ ಹೋಗುವುದು ಹೀಗೆ. ಅಷ್ಟರಲ್ಲಿ ಮೊದಲ ಥ್ರೆಡ್ ಆ ಸಾಲಿನ ಮೆಮೊರಿಯನ್ನು ಫ್ರೀ ಮಾಡಿಬಿಟ್ಟಿದ್ದರೆ ಪಾಯಿಂಟರ್ ತೋರಿಸುವ ಜಾಗದಲ್ಲಿ ನಿಮ್ಮದು ಏನೂ ಉಳಿದಿರುವುದಿಲ್ಲ.

ಗ್ನೂ ಸಿ ಲೈಬ್ರರಿಯಲ್ಲಿ (ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರುವ ಸಿ ಲೈಬ್ರರಿ) ಇನ್ನೂ ಒಂದು ತೊಡಕಿದೆ. ಅಲ್ಲಿ ಗೆಟ್‌ಆಪ್ಟ್ ಬರೀ ಓದುವುದಿಲ್ಲ, ನೀವು ಕೊಟ್ಟ ಪದಗಳ ಆರ್ಗ್‌ವಿ ಪಟ್ಟಿಯನ್ನೇ ಅದಲು ಬದಲು ಮಾಡುತ್ತದೆ. ಹೈಫನ್ ಇಲ್ಲದ ಪದಗಳನ್ನೆಲ್ಲ ಕೊನೆಗೆ ತಳ್ಳುತ್ತದೆ. ಎಲ್ಲಿಂದ ಎಲ್ಲಿಯವರೆಗೆ ತಳ್ಳಬೇಕು ಅನ್ನುವ ಲೆಕ್ಕವೂ ಅದೇ ಹಂಚಿಕೊಂಡ ಜಾಗದಲ್ಲಿದೆ. ಒಂದು ಥ್ರೆಡ್‌ನ ಉದ್ದ ಪಟ್ಟಿಯ ಲೆಕ್ಕ ಇಟ್ಟುಕೊಂಡು ಇನ್ನೊಂದರ ಚಿಕ್ಕ ಪಟ್ಟಿಯನ್ನು ತಿರುವಿ ಹಾಕಿದರೆ ಪಟ್ಟಿಯ ಆಚೆಗೂ ಕೈ ಹೋಗುತ್ತದೆ.

ಇದನ್ನು ಬರೆದವರಿಗೆ ಗೊತ್ತಿರಲಿಲ್ಲವೇ ಅಂತ ಕೇಳಬಹುದು. ಗೆಟ್‌ಆಪ್ಟ್ ಥ್ರೆಡ್‌ಗಳಿಗಿಂತ ಹಳೆಯದು. ಎಟಿ ಅಂಡ್ ಟಿ ಅದರ ಸೋರ್ಸ್ ಕೋಡನ್ನು 1985ರಲ್ಲಿ ಡಲ್ಲಾಸ್‌ನ ಯೂನಿಫೋರಂ ಸಮಾವೇಶದಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಪಾಸಿಕ್ಸ್ (ಯೂನಿಕ್ಸ್ ತರಹದ ಸಿಸ್ಟಮ್‌ಗಳಿಗೆ ಇರುವ ನಿಯಮಾವಳಿ) ಥ್ರೆಡ್ ಸ್ಟಾಂಡರ್ಡ್ ಬಂದಿದ್ದು 1995ರಲ್ಲಿ. ಮೇನ್ ಫಂಕ್ಷನ್ ಶುರುವಾದ ಕೂಡಲೇ, ಒಂದೇ ಸಲ, ಒಂದೇ ಪಟ್ಟಿ ಓದುವುದು ಅದರ ಕೆಲಸವಾಗಿತ್ತು. ಆ ಕೆಲಸಕ್ಕೆ ಅದು ಇವತ್ತಿಗೂ ಚೆನ್ನಾಗಿದೆ. ಗೆಟ್‌ಆಪ್ಟ್ ಥ್ರೆಡ್‌ಗಳಿಗೆ ಸುರಕ್ಷಿತವಾಗಿರಲೇಬೇಕು ಎಂದೇನಿಲ್ಲ ಅಂತ ಪಾಸಿಕ್ಸ್ ಕೂಡ ಸ್ಪಷ್ಟವಾಗಿ ಹೇಳಿದೆ.

ಈಗ ದಾರಿ. ಸುಮ್ನೆ ಒಂದು ಮ್ಯೂಟೆಕ್ಸ್ (ಒಂದು ಸಲಕ್ಕೆ ಒಂದೇ ಥ್ರೆಡ್ ಒಳಬಿಡುವ ಲಾಕ್) ಹಾಕೋಣ ಅಂತ ಮೊದಲು ಅನ್ನಿಸುತ್ತದೆ. ಒಂದೊಂದು ಕರೆಗೆ ಲಾಕ್ ಹಾಕಿ ತೆಗೆದರೆ ಏನೂ ಪ್ರಯೋಜನ ಇಲ್ಲ, ಯಾಕೆಂದರೆ ಎರಡು ಕರೆಗಳ ನಡುವೆಯೇ ಇನ್ನೊಬ್ಬರು ನುಗ್ಗುತ್ತಾರೆ. ಇಡೀ ಲೂಪ್‌ಗೆ ಲಾಕ್ ಹಾಕಬೇಕು, ಆಪ್ಟ್‌ಆರ್ಗ್ ಕೊಟ್ಟ ಬೆಲೆಯನ್ನು ಲಾಕ್ ಬಿಡುವ ಮೊದಲೇ ನಿಮ್ಮ ವೇರಿಯಬಲ್‌ಗೆ ತೆಗೆದುಕೊಳ್ಳಬೇಕು, ಪ್ರತಿ ಹೊಸ ಸಾಲಿಗೂ ಮೊದಲಿನಿಂದ ಶುರು ಮಾಡು ಅಂತ ಹೇಳಬೇಕು. ಹಾಗೆ ಹೇಳುವ ರೀತಿಯೂ ಒಂದೇ ಅಲ್ಲ: ಗ್ನೂ ಲೈಬ್ರರಿಯಲ್ಲಿ ಆಪ್ಟ್‌ಇಂಡ್‌ಗೆ 0 ಹಾಕುವುದು ಪೂರ್ತಿ ಹೊಸದಾಗಿ ಶುರು ಮಾಡಿಸುತ್ತದೆ, ಬಿಎಸ್‌ಡಿಗಳಲ್ಲಿ ಆಪ್ಟ್‌ರೀಸೆಟ್‌ಗೆ 1, ಆಪ್ಟ್‌ಇಂಡ್‌ಗೆ 1 ಎರಡೂ ಹಾಕಬೇಕು. ಇಷ್ಟೆಲ್ಲ ಮಾಡಿದರೂ ನಿಮ್ಮ ಪ್ರೋಸೆಸ್‌ಗೆ ಸೇರಿಸಿಕೊಂಡ ಬೇರೆ ಯಾವುದೋ ಲೈಬ್ರರಿ ನಿಮ್ಮ ಲಾಕ್ ಕೇಳದೆ ಗೆಟ್‌ಆಪ್ಟ್ ಕರೆದರೆ ಎಲ್ಲ ಕೆಟ್ಟಿತು.

ಅದಕ್ಕೇ ಸರ್ವರ್ ಒಳಗಿನ ಸಾಲುಗಳಿಗೆ ಗೆಟ್‌ಆಪ್ಟ್ ಬೇಡ ಅನ್ನುತ್ತೇನೆ. ನೆನಪನ್ನು ಕರೆಯುವವರ ಕೈಗೇ ಕೊಡುವ ಲೈಬ್ರರಿ ಆರಿಸಿ. ಆರ್‌ಪಿಎಂ ಬಳಸುವ ಪಾಪ್ಟ್ ಲೈಬ್ರರಿಯಲ್ಲಿ ಪ್ರತಿ ಪಟ್ಟಿಗೂ ಬೇರೆ ಕಾಂಟೆಕ್ಸ್ಟ್ ಮಾಡಿಕೊಳ್ಳಬಹುದು. ಜಿಲಿಬ್‌ನಲ್ಲೂ ಹಾಗೆ ಒಂದು ಆಪ್ಷನ್ ಕಾಂಟೆಕ್ಸ್ಟ್ ಇದೆ. ಒಂದೊಂದು ಥ್ರೆಡ್‌ಗೆ ಒಂದೊಂದು ಕಾಂಟೆಕ್ಸ್ಟ್ ಕೊಡಿ, ಹಂಚಬೇಡಿ, ಆಪ್ಷನ್ ಬೆಲೆ ಬರೆಯುವ ವೇರಿಯಬಲ್‌ಗಳನ್ನೂ ಹಂಚಬೇಡಿ. ನಿಮ್ಮ ಸಾಲುಗಳಲ್ಲಿ ನಾಲ್ಕೈದು ಆಪ್ಷನ್ ಮಾತ್ರ ಇದ್ದರೆ ನೀವೇ ಒಂದು ಚಿಕ್ಕ ಪಾರ್ಸರ್ ಬರೆದುಕೊಳ್ಳುವುದು ಇನ್ನೂ ಒಳ್ಳೆಯದು. ಎಲ್ಲಿದ್ದೇವೆ ಅನ್ನುವ ನೆನಪನ್ನು ಒಂದು ಸ್ಟ್ರಕ್ಟ್‌ನಲ್ಲಿಟ್ಟು ಅದರ ಪಾಯಿಂಟರ್ ಕೊಟ್ಟರೆ ಮುಗಿಯಿತು.

ಸಾಲನ್ನು ತುಂಡು ಮಾಡುವಾಗ ಸ್ಟ್ರ್‌ಟಾಕ್ ಬಳಸಿದ್ದರೆ ಅದನ್ನೂ ಬದಲಿಸಿ, ಅದಕ್ಕೂ ಇದೇ ಕಾಯಿಲೆ. ಸ್ಟ್ರ್‌ಟಾಕ್ ಆರ್ ಬಳಸಿ.

ಇನ್ನೊಂದು ಮಾತು, ಆರ್ಗ್‌ಪಿ ಕಡೆ ಹೋಗುವವರಿಗೆ. ಆರ್ಗ್‌ಪಿ ಪಾರ್ಸ್ ಒಳಗೆ ಗೆಟ್‌ಆಪ್ಟ್‌ನ ನೆನಪು ಪ್ರತಿ ಕರೆಗೂ ಬೇರೆಯೇ ಇರುತ್ತದೆ, ನಿಜ. ಆದರೂ ಗ್ನೂ ಮ್ಯಾನ್ಯುಯಲ್ ಅದನ್ನು ಥ್ರೆಡ್‌ಗಳಿಗೆ ಸುರಕ್ಷಿತ ಅಲ್ಲ ಅಂತಲೇ ಗುರುತಿಸಿದೆ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ: ತಪ್ಪು ಆಪ್ಷನ್ ಬಂದರೆ, ಅಥವಾ ಯಾರಾದರೂ ಹೆಲ್ಪ್ ಆಪ್ಷನ್ ಕೊಟ್ಟರೆ, ಅದು ಮೆಸೇಜ್ ಬರೆದು ಎಕ್ಸಿಟ್ ಕರೆದುಬಿಡುತ್ತದೆ. ಒಬ್ಬ ಕ್ಲೈಂಟ್‌ನ ಒಂದು ಅಕ್ಷರದ ತಪ್ಪಿಗೆ ನಿಮ್ಮ ಇಡೀ ಸರ್ವರ್ ನಿಂತುಹೋಗುತ್ತದೆ. ಅದನ್ನು ತಡೆಯುವ ಫ್ಲ್ಯಾಗ್ ಇದೆ, ಆದರೆ ಹಾಕಲು ನೆನಪಿರಬೇಕು.

ಪ್ರಶ್ನೆ: ನಮ್ಮ ಡೀಮನ್‌ನಲ್ಲಿ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಥ್ರೆಡ್‌ಗಳೇ ಇಲ್ಲ. ಸಿಗ್‌ಹಪ್ ಅನ್ನುವ ಸಿಗ್ನಲ್ ಬಂದಾಗ ಹ್ಯಾಂಡ್ಲರ್ ಒಳಗೇ ಕಾನ್ಫಿಗ್ ಫೈಲ್ ಓದಿ, ಅದರಲ್ಲಿರುವ ಆಪ್ಷನ್‌ಗಳನ್ನು ಗೆಟ್‌ಆಪ್ಟ್ ಲಾಂಗ್‌ಗೆ ಕೊಡುತ್ತೇವೆ. ತುಂಬಾ ದಿನದಿಂದ ನಡೆಯುತ್ತಿದೆ. ಹೊಸದಾಗಿ ಬಂದ ಸೀನಿಯರ್ ಇದು ಅಪಾಯ ಅನ್ನುತ್ತಾರೆ. ಬೇಕಾದರೆ ಮ್ಯೂಟೆಕ್ಸ್ ಹಾಕೋಣ ಅಂದರೆ ಅದು ಇನ್ನೂ ಕೆಟ್ಟದ್ದು ಅಂದರು. ಹೌದಾ? (ಬೆಂಗಳೂರಿನಿಂದ ಒಬ್ಬ ಓದುಗರು)

ಉತ್ತರ: ಎರಡೂ ಮಾತು ಸರಿ. ನಿಮ್ಮ ಸೀನಿಯರ್ ಹೇಳಿದ್ದನ್ನು ಇವತ್ತೇ ಕೇಳಿ.

ಥ್ರೆಡ್ ಸುರಕ್ಷತೆ ಬೇರೆ, ಸಿಗ್ನಲ್ ಸುರಕ್ಷತೆ ಬೇರೆ. ಎರಡು ಥ್ರೆಡ್‌ಗಳು ಒಂದರ ಪಕ್ಕ ಒಂದು ಓಡುತ್ತವೆ, ಒಂದು ಕಾದರೆ ಇನ್ನೊಂದು ಮುಂದೆ ಹೋಗಿ ಲಾಕ್ ಬಿಡುತ್ತದೆ. ಸಿಗ್ನಲ್ ಹಾಗಲ್ಲ. ಅದು ಓಡುತ್ತಿದ್ದ ಕೋಡನ್ನು ಎಲ್ಲಿದೆಯೋ ಅಲ್ಲೇ ನಿಲ್ಲಿಸಿ, ಅದೇ ಥ್ರೆಡ್‌ನಲ್ಲಿ, ಅದರ ಮೇಲೆ ಕೂತು ಓಡುತ್ತದೆ. ಹ್ಯಾಂಡ್ಲರ್ ಮುಗಿಯುವ ತನಕ ಕೆಳಗಿನ ಕೋಡ್ ಒಂದು ಹೆಜ್ಜೆಯೂ ಇಡಲಾರದು. ಈಗ ಮ್ಯೂಟೆಕ್ಸ್ ಹಾಕಿದಿರಿ ಅಂದುಕೊಳ್ಳಿ. ಮೇನ್ ಲೂಪ್ ಲಾಕ್ ಹಿಡಿದಿದೆ, ಆಗಲೇ ಸಿಗ್‌ಹಪ್ ಬಂತು, ಹ್ಯಾಂಡ್ಲರ್ ಅದೇ ಲಾಕ್‌ಗೆ ಕಾಯುತ್ತದೆ. ಲಾಕ್ ಬಿಡಬೇಕಾದ ಕೋಡ್ ಹ್ಯಾಂಡ್ಲರ್‌ಗೆ ಕಾಯುತ್ತಿದೆ. ಪ್ರೋಸೆಸ್ ಅಲ್ಲಿಗೆ ನಿಂತಿತು, ಯಾರಾದರೂ ಬಂದು ಕಿಲ್ ಮಾಡುವ ತನಕ.

ಮ್ಯೂಟೆಕ್ಸ್ ಹಾಕದಿದ್ದರೂ ಲಾಕ್‌ಗಳು ಇದ್ದೇ ಇವೆ, ಲೈಬ್ರರಿಯ ಒಳಗೆ. ಗೊತ್ತಿಲ್ಲದ ಆಪ್ಷನ್ ಬಂದರೆ ಗೆಟ್‌ಆಪ್ಟ್ ಲಾಂಗ್ ಸ್ಟಾಂಡರ್ಡ್ ಎರರ್‌ಗೆ ಒಂದು ಮೆಸೇಜ್ ಬರೆಯುತ್ತದೆ. ಆ ಮೆಸೇಜನ್ನು ಯೂಸರ್‌ನ ಭಾಷೆಗೆ ತಿರುಗಿಸಲು ಅನುವಾದದ ಪಟ್ಟಿ ಹುಡುಕುತ್ತದೆ. ಯೂಸರ್ ಅರ್ಧ ಬರೆದ ಉದ್ದ ಆಪ್ಷನ್ ಎರಡು ಮೂರಕ್ಕೆ ಹೊಂದುವಂತಿದ್ದರೆ ಮೆಮೊರಿಯನ್ನೂ ಕೇಳಬಹುದು. ಮೇನ್ ಲೂಪ್ ಮ್ಯಾಲಕ್ (ಮೆಮೊರಿ ಕೊಡುವ ಫಂಕ್ಷನ್) ನಡುವೆ ಇದ್ದಾಗ, ಅಂದರೆ ಮೆಮೊರಿಯ ಪಟ್ಟಿಗಳು ಅರ್ಧ ಬದಲಾಗಿ ಅರ್ಧ ಹಳೆಯದಾಗಿ ಇರುವಾಗ, ಹ್ಯಾಂಡ್ಲರ್ ಒಳಗಿಂದ ಮತ್ತೆ ಮ್ಯಾಲಕ್ ಕರೆದರೆ ಏನಾಗುತ್ತದೆ ಅಂತ ಯಾರೂ ಹೇಳಲಾರರು. ಆಪ್ಟ್‌ಎರ್‌ಗೆ 0 ಹಾಕಿ ಮೆಸೇಜ್ ನಿಲ್ಲಿಸಬಹುದು, ಆದರೆ ಹಂಚಿಕೊಂಡ ನೆನಪು ಹಾಗೇ ಉಳಿಯುತ್ತದೆ. ಜೊತೆಗೆ ನೀವು ಹ್ಯಾಂಡ್ಲರ್ ಒಳಗೆ ಫೈಲ್ ಬೇರೆ ಓದುತ್ತಿದ್ದೀರಿ. ಎಫ್‌ಓಪನ್, ಎಫ್‌ಗೆಟ್ಸ್ ಇವೂ ಹ್ಯಾಂಡ್ಲರ್‌ಗೆ ಹೊಂದುವುದಿಲ್ಲ.

ಇಷ್ಟು ದಿನ ನಡೆದಿದೆಯಲ್ಲ ಅನ್ನುವ ಮಾತಿಗೆ ಒಂದು ನಿಜವಾದ ಉದಾಹರಣೆ ಕೊಡುತ್ತೇನೆ. 2024ರ ಜುಲೈನಲ್ಲಿ ಕ್ವಾಲಿಸ್ ಸಂಸ್ಥೆಯವರು ದೂರದ ಕಂಪ್ಯೂಟರ್‌ಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ಸರ್ವರ್‌ನಲ್ಲಿ ಒಂದು ದೋಷ ಹೊರಗೆಡವಿದರು, ರಿಗ್ರೆಶನ್ ಅನ್ನುವ ಹೆಸರಿನಲ್ಲಿ ಅದು ಎಲ್ಲ ಕಡೆ ಸುದ್ದಿಯಾಯಿತು. ಲಾಗಿನ್ ಆಗಲು ಕೊಟ್ಟ ಸಮಯ, ಸಾಮಾನ್ಯವಾಗಿ 120 ಸೆಕೆಂಡ್, ಮುಗಿದರೆ ಸಿಗ್‌ಅಲಾರ್ಮ್ ಬರುತ್ತಿತ್ತು. ಅದರ ಹ್ಯಾಂಡ್ಲರ್ ಲಾಗ್ ಬರೆಯಲು ಸಿಸ್‌ಲಾಗ್ ಕರೆಯುತ್ತಿತ್ತು. ಗ್ನೂ ಲೈಬ್ರರಿಯಲ್ಲಿ ಸಿಸ್‌ಲಾಗ್ ಮೆಮೊರಿ ಕೇಳುತ್ತದೆ. ಸರಿಯಾದ ಕ್ಷಣಕ್ಕೆ ಹೊಂದಿಸಿಕೊಂಡರೆ ಲಾಗಿನ್ ಆಗದವರೂ ದೂರದಿಂದಲೇ ರೂಟ್ (ಪೂರ್ತಿ ಅಧಿಕಾರ ಇರುವ ಯೂಸರ್) ಆಗಿ ಕೋಡ್ ಓಡಿಸಬಹುದಿತ್ತು. ಇದೇ ದೋಷವನ್ನು 2006ರಲ್ಲಿ ಒಮ್ಮೆ ಸರಿ ಮಾಡಿದ್ದರು. 2021ರಲ್ಲಿ ಬಂದ 8.5 ಆವೃತ್ತಿಯೊಂದಿಗೆ ಅದು ವಾಪಸ್ ಬಂದಿತ್ತು, 9.8ರಲ್ಲಿ ಮತ್ತೆ ಸರಿಹೋಯಿತು. ಓಪನ್‌ಬಿಎಸ್‌ಡಿಗೆ ಏನೂ ಆಗಲಿಲ್ಲ, ಅಲ್ಲಿನ ಹ್ಯಾಂಡ್ಲರ್ ಸಿಗ್ನಲ್‌ಗೆ ಸುರಕ್ಷಿತವಾದ ಬೇರೆ ಸಿಸ್‌ಲಾಗ್ ಕರೆಯುತ್ತಿತ್ತು. ಇಷ್ಟು ಜನ ಕಣ್ಣಿಟ್ಟು ನೋಡುವ ಕೋಡ್‌ನಲ್ಲೇ ಇದು ವರ್ಷಗಟ್ಟಲೆ ಕಾಣದೆ ಉಳಿಯಿತು. ಹ್ಯಾಂಡ್ಲರ್ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಸರಿಯಾದ ದಾರಿ ಕಷ್ಟದ್ದಲ್ಲ. ಹ್ಯಾಂಡ್ಲರ್ ಒಳಗೆ ಒಂದು ಫ್ಲ್ಯಾಗ್ ಮಾತ್ರ ಎತ್ತಿ. ಆ ಫ್ಲ್ಯಾಗ್ ವೊಲಟೈಲ್ ಸಿಗ್ ಅಟಾಮಿಕ್ ಟಿ ಟೈಪಿನದಾಗಿರಲಿ. ಮೇನ್ ಲೂಪ್ ತನ್ನ ಸುತ್ತು ಮುಗಿಸಿ ಬಂದಾಗ ಫ್ಲ್ಯಾಗ್ ನೋಡಿ, ಇಳಿಸಿ, ಆಮೇಲೆ ನಿಧಾನವಾಗಿ ಫೈಲ್ ಓದಲಿ, ಆಪ್ಷನ್ ಬಿಡಿಸಲಿ. ಲೂಪ್ ಎಲ್ಲೋ ಕಾಯುತ್ತಾ ಕೂರುವಂತಿದ್ದರೆ ಒಂದು ಸೂಕ್ಷ್ಮ ಇದೆ. ಫ್ಲ್ಯಾಗ್ ನೋಡಿ ಆಯಿತು, ಇನ್ನೂ ಪೋಲ್‌ಗೆ (ಕಾಯುವ ಕರೆಗೆ) ಹೋಗಿಲ್ಲ, ಆ ಸಂದಿಯಲ್ಲಿ ಸಿಗ್ನಲ್ ಬಂದರೆ ಫ್ಲ್ಯಾಗ್ ಎದ್ದರೂ ನೋಡುವವರಿಲ್ಲ. ಅದಕ್ಕೆ ಪಿಪೋಲ್ ಬಳಸಿ, ಅಥವಾ ಒಂದು ಪೈಪ್ ಮಾಡಿಕೊಂಡು ಹ್ಯಾಂಡ್ಲರ್‌ನಿಂದ ಅದಕ್ಕೆ ಒಂದು ಬೈಟ್ ಬರೆಯಿರಿ. ರೈಟ್ ಸಿಸ್ಟಮ್ ಕಾಲ್ ಹ್ಯಾಂಡ್ಲರ್ ಒಳಗೆ ಸುರಕ್ಷಿತ, ಎರ್‌ನೋ (ಕೊನೆಯ ತಪ್ಪಿನ ಸಂಖ್ಯೆ) ಬೆಲೆಯನ್ನು ಮಾತ್ರ ಉಳಿಸಿ ವಾಪಸ್ ಹಾಕಿ. ಪೈಪ್‌ನ ಎರಡೂ ತುದಿ ನಾನ್‌ಬ್ಲಾಕಿಂಗ್ ಇರಲಿ. ಲಿನಕ್ಸ್ ಮಾತ್ರ ಸಾಕು ಅನ್ನುವವರಿಗೆ ಸಿಗ್ನಲ್ ಎಫ್‌ಡಿ ಇದೆ.

ಮುಂದೆ ಯಾವತ್ತಾದರೂ ಥ್ರೆಡ್ ಸೇರಿಸಿದರೆ, ಥ್ರೆಡ್ ಹುಟ್ಟಿಸುವ ಮೊದಲೇ ಮೇನ್‌ನಲ್ಲಿ ಸಿಗ್‌ಹಪ್ ಬ್ಲಾಕ್ ಮಾಡಿ, ಒಂದು ಥ್ರೆಡ್ ಮಾತ್ರ ಸಿಗ್‌ವೇಟ್‌ನಲ್ಲಿ ಕೂರಲಿ. ಅದು ಹ್ಯಾಂಡ್ಲರ್ ಅಲ್ಲ, ಮಾಮೂಲಿ ಥ್ರೆಡ್, ಹಾಗಾಗಿ ಮ್ಯಾಲಕ್, ಫೈಲ್ ಓದುವುದು ಎಲ್ಲ ಧಾರಾಳವಾಗಿ ಮಾಡಬಹುದು. ಆದರೆ ಗೆಟ್‌ಆಪ್ಟ್‌ಗೆ ಮೊದಲ ಪ್ರಶ್ನೆಯಲ್ಲಿ ಹೇಳಿದ ನಿಯಮ ಅಲ್ಲೂ ಇದೆ: ಇಡೀ ಪ್ರೋಸೆಸ್‌ನಲ್ಲಿ ಅದನ್ನು ಆ ಥ್ರೆಡ್ ಒಂದೇ ಕರೆಯುತ್ತಿರಬೇಕು.

ಪ್ರಶ್ನೆ: ಗ್ನೂ ಮ್ಯಾನ್ಯುಯಲ್‌ನಲ್ಲಿ ಗೆಟ್‌ಆಪ್ಟ್ ಹೆಸರಿನ ಕೆಳಗೆ ಎಂಟಿ, ಎಎಸ್, ಎಸಿ ಅಂತ ಮೂರು ಗುರುತು ಇವೆ. ಪಕ್ಕದಲ್ಲಿ ರೇಸ್, ಎನ್ವ್, ಹೀಪ್, ಕರಪ್ಟ್ ಅಂತೆಲ್ಲ ಬರೆದಿದೆ. ಕ್ಲಾಸಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿಲ್ಲ. (ಹುಬ್ಬಳ್ಳಿಯಿಂದ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿನಿ)

ಉತ್ತರ: ಇದನ್ನು ಓದಲು ಕಲಿತರೆ ಯಾವ ಫಂಕ್ಷನ್ ಬಗ್ಗೆಯೂ ಇನ್ನೊಬ್ಬರನ್ನು ಕೇಳಬೇಕಿಲ್ಲ, ಅದಕ್ಕೇ ಒಳ್ಳೆಯ ಪ್ರಶ್ನೆ. ಈ ಗುರುತುಗಳು 2014ರ ಫೆಬ್ರವರಿಯಲ್ಲಿ ಬಂದ ಗ್ನೂ ಸಿ ಲೈಬ್ರರಿಯ 2.19 ಆವೃತ್ತಿಯಿಂದ ಮ್ಯಾನ್ಯುಯಲ್‌ನಲ್ಲಿವೆ. ಎಂಟಿ ಅಂದರೆ ಹಲವು ಥ್ರೆಡ್‌ಗಳಿಂದ ಕರೆದರೆ ಸರಿಯಾ ಅನ್ನುವುದು. ಎಎಸ್ ಅಂದರೆ ಸಿಗ್ನಲ್ ಹ್ಯಾಂಡ್ಲರ್ ಒಳಗಿಂದ ಕರೆದರೆ ಸರಿಯಾ ಅನ್ನುವುದು. ಎಸಿ ಅಂದರೆ ಥ್ರೆಡ್ಡನ್ನು ನಡುವೆ, ಯಾವ ಕ್ಷಣದಲ್ಲಾದರೂ ರದ್ದು ಮಾಡಿದರೆ ಸರಿಯಾ ಅನ್ನುವುದು. ಗೆಟ್‌ಆಪ್ಟ್‌ಗೆ ಮೂರರಲ್ಲೂ ಇಲ್ಲ ಅಂತ ಉತ್ತರ.

ಪಕ್ಕದ ಪದಗಳು ಕಾರಣ ಹೇಳುತ್ತವೆ. ರೇಸ್ ಅಂದರೆ ಹಂಚಿಕೊಂಡ ಡೇಟಾ ಮೇಲೆ ಪೈಪೋಟಿ, ಇಲ್ಲಿ ಆಪ್ಟ್‌ಇಂಡ್ ಮುಂತಾದವು. ಎನ್ವ್ ಅಂದರೆ ಎನ್ವಿರಾನ್‌ಮೆಂಟ್ ವೇರಿಯಬಲ್ ಓದುತ್ತದೆ ಅಂತ. ಗೆಟ್‌ಆಪ್ಟ್ ಓದುವುದು ಪಾಸಿಕ್ಸ್‌ಲಿ ಕರೆಕ್ಟ್ ಅನ್ನುವ ವೇರಿಯಬಲ್ಲನ್ನು. ಅದು ಇದ್ದರೆ ಹೈಫನ್ ಇಲ್ಲದ ಮೊದಲ ಪದ ಸಿಕ್ಕ ಕೂಡಲೇ ಓದುವುದನ್ನು ನಿಲ್ಲಿಸುತ್ತದೆ. ಅದನ್ನು ಓದುವ ಹೊತ್ತಿಗೆ ಇನ್ನೊಂದು ಥ್ರೆಡ್ ಸೆಟ್‌ಎನ್ವ್ ಕರೆದರೆ ತೊಂದರೆ. ಹೀಪ್ ಅಂದರೆ ಮ್ಯಾಲಕ್ ಕರೆಯಬಹುದು, ಲಾಕ್ ಅಂದರೆ ಒಳಗೆ ಲಾಕ್ ಹಿಡಿಯಬಹುದು, ಕರಪ್ಟ್ ಅಂದರೆ ನಡುವೆ ನಿಲ್ಲಿಸಿದರೆ ಡೇಟಾ ಅರ್ಧಂಬರ್ಧ ಉಳಿಯಬಹುದು.

ಅದೇ ಮ್ಯಾನ್ಯುಯಲ್‌ನಲ್ಲಿ ಗೆಟ್‌ಸಬ್‌ಆಪ್ಟ್ ತೆರೆದು ನೋಡಿ. ಮೂರಕ್ಕೂ ಸೇಫ್ ಅಂತ ಇದೆ. ಮೌಂಟ್ ಕಮಾಂಡಿಗೆ ಕಾಮಾ ಹಾಕಿ ಕೊಡುವ ಉಪ ಆಪ್ಷನ್‌ಗಳನ್ನು ಬಿಡಿಸುವ ಫಂಕ್ಷನ್ ಅದು. ಎಲ್ಲಿಯವರೆಗೆ ಓದಿದೆ ಅನ್ನುವುದನ್ನು ನೀವು ಕೊಟ್ಟ ಪಾಯಿಂಟರ್‌ನಲ್ಲೇ ಇಡುತ್ತದೆ, ತನ್ನದು ಅಂತ ಏನೂ ಇಟ್ಟುಕೊಳ್ಳುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ, ನಿಮ್ಮ ಸ್ವಂತ ಫಂಕ್ಷನ್‌ಗಳನ್ನು ಹೇಗೆ ಬರೆಯಬೇಕು ಅನ್ನುವುದೂ ತಿಳಿಯುತ್ತದೆ.

ಪ್ರಶ್ನೆ: ನಾನು ಬರೆಯುವುದು ಪೈಥಾನ್, ಗೋ ಮತ್ತು ಬ್ಯಾಶ್. ನನಗೆ ಇದರ ಗೊಡವೆ ಬೇಕಾ? (ಮಂಗಳೂರಿನಿಂದ)

ಉತ್ತರ: ಸ್ವಲ್ಪ ಬೇಕು. ಪೈಥಾನ್‌ನ ಆರ್ಗ್‌ಪಾರ್ಸ್‌ನಲ್ಲಿ ಪಾರ್ಸರ್ ಒಂದು ಆಬ್ಜೆಕ್ಟ್, ಒಂದೊಂದು ಥ್ರೆಡ್‌ಗೆ ಒಂದು ಮಾಡಿಕೊಳ್ಳಬಹುದು. ಸಿಗ್ನಲ್ ಹ್ಯಾಂಡ್ಲರ್ ಯಾವಾಗಲೂ ಮುಖ್ಯ ಥ್ರೆಡ್‌ನಲ್ಲೇ, ಎರಡು ಬೈಟ್‌ಕೋಡ್‌ಗಳ ನಡುವೆ ಓಡುತ್ತದೆ, ಹಾಗಾಗಿ ಸಿ ಭಾಷೆಯ ಮ್ಯಾಲಕ್ ಅಪಾಯ ಇಲ್ಲ. ಒಂದನ್ನು ಗಮನಿಸಿ. ತಪ್ಪು ಆಪ್ಷನ್ ಬಂದರೆ ಆರ್ಗ್‌ಪಾರ್ಸ್ ಸಿಸ್ಟಮ್‌ಎಕ್ಸಿಟ್ ಎಸೆಯುತ್ತದೆ. ಬೇರೆ ಥ್ರೆಡ್‌ನಲ್ಲಿ ಹಾಗಾದರೆ ಆ ಥ್ರೆಡ್ ಸದ್ದಿಲ್ಲದೆ ಮುಗಿದುಹೋಗುತ್ತದೆ, ಪ್ರೋಗ್ರಾಂ ಮಾತ್ರ ಓಡುತ್ತಲೇ ಇರುತ್ತದೆ. ಅದನ್ನು ಹಿಡಿದುಕೊಳ್ಳಿ.

ಗೋ ಭಾಷೆಯಲ್ಲಿ ಫ್ಲ್ಯಾಗ್ ಪಾರ್ಸ್ ಅನ್ನುವುದು ಇಡೀ ಪ್ರೋಗ್ರಾಂಗೆ ಒಂದೇ ಆದ ಸೆಟ್ ಮೇಲೆ ಕೆಲಸ ಮಾಡುತ್ತದೆ, ತಪ್ಪು ಬಂದರೆ ಪ್ರೋಗ್ರಾಂ ನಿಲ್ಲಿಸುತ್ತದೆ. ರಿಕ್ವೆಸ್ಟ್ ಒಳಗಿನ ಸಾಲುಗಳಿಗೆ ಹೊಸ ಫ್ಲ್ಯಾಗ್ ಸೆಟ್ ಮಾಡಿ, ತಪ್ಪು ಬಂದರೂ ಮುಂದುವರಿ ಅನ್ನುವ ಆಯ್ಕೆ ಕೊಡಿ. ಬ್ಯಾಶ್‌ನ ಗೆಟ್‌ಆಪ್ಟ್ಸ್‌ಗೆ ಅದೇ ಹಳೆಯ ನೆನಪಿನ ಸಮಸ್ಯೆ: ಆಪ್ಟ್‌ಇಂಡ್ ತಾನಾಗಿ ಮೊದಲಿಗೆ ಹೋಗುವುದಿಲ್ಲ. ಫಂಕ್ಷನ್ ಒಳಗೆ ಬಳಸುವಾಗ ಅದನ್ನು ಲೋಕಲ್ ಮಾಡಿ 1 ಹಾಕಿ.

ಪ್ರಶ್ನೆ: ಥ್ರೆಡ್‌ಗೆ ಬದಲು ಫೋರ್ಕ್ ಮಾಡಿ (ಪ್ರೋಸೆಸ್‌ನ ನಕಲು ಮಾಡಿ) ಮಗು ಪ್ರೋಸೆಸ್‌ನಲ್ಲಿ ಗೆಟ್‌ಆಪ್ಟ್ ಕರೆದರೆ? ಅದಕ್ಕೆ ತನ್ನದೇ ಮೆಮೊರಿ ಇರುತ್ತದಲ್ಲ. (ಶಿವಮೊಗ್ಗದಿಂದ)

ಉತ್ತರ: ಫೋರ್ಕ್ ಮಾಡುವ ಪ್ರೋಗ್ರಾಂನಲ್ಲಿ ಒಂದೇ ಥ್ರೆಡ್ ಇದ್ದರೆ ನಡೆಯುತ್ತದೆ, ಮೊದಲಿನಿಂದ ಶುರು ಮಾಡಿಸಲು ಮರೆಯಬೇಡಿ. ಹಲವು ಥ್ರೆಡ್‌ಗಳಿದ್ದರೆ ಬೇಡ. ಫೋರ್ಕ್ ಆದಾಗ ಕರೆದ ಥ್ರೆಡ್ ಒಂದೇ ಮಗುವಿಗೆ ಬರುತ್ತದೆ, ಆದರೆ ಬೇರೆ ಥ್ರೆಡ್‌ಗಳು ಹಿಡಿದಿದ್ದ ಲಾಕ್‌ಗಳು ಹಿಡಿದ ಸ್ಥಿತಿಯಲ್ಲೇ ಬರುತ್ತವೆ. ಬಿಡುವವರೇ ಅಲ್ಲಿಲ್ಲ. ಹಾಗಾಗಿ ಎಕ್ಸೆಕ್ (ಅದೇ ಪ್ರೋಸೆಸ್‌ನಲ್ಲಿ ಬೇರೆ ಪ್ರೋಗ್ರಾಂ ಶುರು ಮಾಡುವ ಕರೆ) ಕರೆಯುವ ತನಕ ಸಿಗ್ನಲ್‌ಗೆ ಸುರಕ್ಷಿತವಾದ ಫಂಕ್ಷನ್‌ಗಳನ್ನು ಮಾತ್ರ ಕರೆಯಬೇಕು ಅನ್ನುವುದು ಪಾಸಿಕ್ಸ್ ನಿಯಮ. ಅಂಥ ಫಂಕ್ಷನ್‌ಗಳ ಪಾಸಿಕ್ಸ್ ಪಟ್ಟಿಯಲ್ಲಿ ಗೆಟ್‌ಆಪ್ಟ್ ಇಲ್ಲ. ಎಕ್ಸೆಕ್ ಮಾಡಿ ಬೇರೆ ಪ್ರೋಗ್ರಾಂ ಶುರು ಮಾಡಿದರೆ ಅದರ ಮೇನ್‌ನಲ್ಲಿ ನಿಶ್ಚಿಂತೆಯಿಂದ ಕರೆಯಿರಿ.

ಪ್ರಶ್ನೆ: ಥ್ರೆಡ್ ಸ್ಯಾನಿಟೈಜರ್ (ಥ್ರೆಡ್‌ಗಳ ಪೈಪೋಟಿಯ ತಪ್ಪು ಹಿಡಿಯುವ ಸಾಧನ) ಹಾಕಿ ಓಡಿಸಿದೆ, ಗೆಟ್‌ಆಪ್ಟ್ ಬಗ್ಗೆ ಏನೂ ಹೇಳಲಿಲ್ಲ. ಹಾಗಾದರೆ ನನ್ನ ಕೋಡ್ ಸರಿ ತಾನೆ? (ಬೆಳಗಾವಿಯಿಂದ)

ಉತ್ತರ: ಅಷ್ಟಕ್ಕೇ ಸರಿ ಅನ್ನಲಾಗದು. ಸ್ಯಾನಿಟೈಜರ್ ನೋಡುವುದು ಅದರ ಫ್ಲ್ಯಾಗ್ ಹಾಕಿ ಕಂಪೈಲ್ ಮಾಡಿದ ಕೋಡನ್ನು. ನಿಮ್ಮ ಸಿಸ್ಟಮ್‌ನ ಸಿ ಲೈಬ್ರರಿ ಹಾಗೆ ಕಂಪೈಲ್ ಆಗಿರುವುದಿಲ್ಲ, ಹಾಗಾಗಿ ಗೆಟ್‌ಆಪ್ಟ್ ಒಳಗೆ ಆಪ್ಟ್‌ಇಂಡ್‌ಗೆ ಬರೆದದ್ದು ಅದಕ್ಕೆ ಕಾಣುವುದಿಲ್ಲ. ಎರಡು ಥ್ರೆಡ್‌ಗಳು ನಿಮ್ಮ ಕೋಡ್‌ನಿಂದಲೇ ನೇರವಾಗಿ ಆಪ್ಟ್‌ಇಂಡ್‌ಗೆ ಬರೆದರೆ ಹಿಡಿದೀತು. ಸಿಗ್ನಲ್ ವಿಷಯದಲ್ಲಂತೂ ಟೆಸ್ಟ್ ಓಡಿಸಿ ಧೈರ್ಯ ಪಡುವುದು ಸಾಧ್ಯವೇ ಇಲ್ಲ, ಆ ಕ್ಷಣ ಯಾವಾಗಲೋ ಒಮ್ಮೆ ಕೂಡಿಬರುತ್ತದೆ.

ಇದಕ್ಕೆ ಕಣ್ಣಲ್ಲಿ ನೋಡುವುದೇ ಮೇಲು. ಸೋರ್ಸ್ ಕೋಡ್‌ನಲ್ಲಿ ಗೆಟ್‌ಆಪ್ಟ್ ಅಂತ ಗ್ರೆಪ್ ಮಾಡಿ. ಮೇನ್ ಫಂಕ್ಷನ್ ಬಿಟ್ಟು ಬೇರೆ ಎಲ್ಲಿ ಸಿಕ್ಕರೂ ಅದನ್ನು ಯಾರು ಕರೆಯುತ್ತಾರೆ, ಯಾವ ಥ್ರೆಡ್‌ನಿಂದ ಅಂತ ಹಿಂದಕ್ಕೆ ಹುಡುಕಿ. ಸಿಗ್‌ಆಕ್ಷನ್ ಅಂತಲೂ ಗ್ರೆಪ್ ಮಾಡಿ, ಅಲ್ಲಿ ಕೊಟ್ಟಿರುವ ಪ್ರತಿ ಹ್ಯಾಂಡ್ಲರನ್ನೂ ತೆರೆದು ಅದು ಕರೆಯುವ ಫಂಕ್ಷನ್‌ಗಳನ್ನು ಒಂದೊಂದಾಗಿ ಪಾಸಿಕ್ಸ್ ಪಟ್ಟಿಯ ಜೊತೆ ತಾಳೆ ನೋಡಿ. ಮೇನ್‌ನಲ್ಲಿ ಓದಿದ ಬೆಲೆಗಳೆಲ್ಲ ಒಂದು ಸ್ಟ್ರಕ್ಟ್‌ಗೆ ಹೋಗಲಿ, ಪಿಥ್ರೆಡ್ ಕ್ರಿಯೇಟ್ ಕರೆಯುವ ಮೊದಲೇ ಅದು ತುಂಬಿರಲಿ, ಆಮೇಲೆ ಅದಕ್ಕೆ ಯಾರೂ ಬರೆಯದಿರಲಿ. ಆಗ ಥ್ರೆಡ್‌ಗಳು ಅದನ್ನು ಲಾಕ್ ಇಲ್ಲದೆ ಓದಬಹುದು. ಕೊನೆಗೆ ನೀವು ಸೇರಿಸಿಕೊಂಡ ಲೈಬ್ರರಿಗಳ ಮೇಲೆ ಎನ್‌ಎಂ ಕಮಾಂಡ್ (ಒಳಗಿರುವ ಫಂಕ್ಷನ್ ಹೆಸರುಗಳನ್ನು ತೋರಿಸುತ್ತದೆ) ಓಡಿಸಿ ಗೆಟ್‌ಆಪ್ಟ್ ಹೆಸರು ಹುಡುಕಿ. ಸಿಕ್ಕರೆ ಆ ಲೈಬ್ರರಿಯ ಯಾವ ಫಂಕ್ಷನ್ ಅದನ್ನು ಕರೆಯುತ್ತದೆ ಅಂತ ನೋಡಿ, ಅದನ್ನೂ ಥ್ರೆಡ್‌ಗಳು ಹುಟ್ಟುವ ಮೊದಲೇ ಮುಗಿಸಿಕೊಳ್ಳಿ.